ಡ್ರಮ್ಮಿನಲ್ಲಿ ಬೆಳೆದ ಜೇಷ್ಠಮಧು: ತುಮಕೂರಿನ ಒಂದು ಹಿತ್ತಲಿನ ಪ್ರಕರಣ

ಹಿನ್ನೆಲೆ

ತುಮಕೂರಿನ ಊರಂಚಿನ ಒಂದು ಬಡಾವಣೆ. 40-60ರ ಸೈಟು. ಮನೆ ಕಟ್ಟಿ ಉಳಿದದ್ದು ಹಿಂದುಗಡೆ ಕಾಂಪೌಂಡ್ ಉದ್ದಕ್ಕೂ ಒಂದು ಪಟ್ಟಿ ಜಾಗ. ಅದರಲ್ಲಿ ಕರಿಬೇವು, ದೊಡ್ಡಪತ್ರೆ, ಒಂದು ನುಗ್ಗೆ, ತುಳಸಿ ಕಟ್ಟೆ. ಮನೆಯಲ್ಲಿ ಮೂವರು. ಕೆಲಸದಿಂದ ನಿವೃತ್ತರಾದ ಮನೆಯೊಡತಿ, ಅವರ ಗಂಡ, ಎಂಬತ್ತರ ಆಸುಪಾಸಿನ ಅತ್ತೆ. ರಜೆ ಬಂದರೆ ಮೊಮ್ಮಗುವೂ ಸೇರುತ್ತದೆ. ಯಾವ ಬಡಾವಣೆ, ಯಾರ ಮನೆ ಅನ್ನುವುದು ಇಲ್ಲಿ ಬೇಡ. ಕೈತೋಟದ ಗೆಳೆಯರ ಬಳಗದಲ್ಲಿ ಪರಿಚಯವಾದವರು, ಬರೆಯಲು ಒಪ್ಪಿದ್ದಾರೆ. ಅಷ್ಟು ಸಾಕು.

ಆ ಮನೆಯಲ್ಲಿ ಜೇಷ್ಠಮಧು ಹೊಸದೇನಲ್ಲ. ಗಂಟಲು ಕೆರೆತ ಶುರುವಾದರೆ ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ರಸ ನುಂಗುತ್ತಿದ್ದರು. ಗ್ರಂಧಿಗೆ ಅಂಗಡಿಯಿಂದ ತಂದದ್ದು ಕೆಲವು ಸಲ ಚೆನ್ನಾಗಿರುತ್ತಿತ್ತು. ಕೆಲವು ಸಲ ಹುಳ ಹಿಡಿದು, ನಾರು ಮಾತ್ರ ಉಳಿದಿರುತ್ತಿತ್ತು. ನಮ್ಮಲ್ಲಿ ಮಾರಾಟವಾಗುವ ಜೇಷ್ಠಮಧುವಿನಲ್ಲಿ ಬಹುಪಾಲು ಹೊರದೇಶದ್ದು. ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬಂದು, ಎಷ್ಟೋ ಗೋದಾಮು ದಾಟಿ ನಮ್ಮ ಅಂಗಡಿ ಸೇರುತ್ತದೆ. ನಮ್ಮ ಹಿತ್ತಲಲ್ಲೇ ಯಾಕೆ ಬೆಳೆಯಬಾರದು ಅಂತ ಮನೆಯೊಡತಿಗೆ ಅನ್ನಿಸಿದ್ದು ಸಹಜ.

ಗಿಡದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಜೇಷ್ಠಮಧುವಿನ ತವರು ದಕ್ಷಿಣ ಯುರೋಪು, ಪಶ್ಚಿಮ ಏಷ್ಯಾ. ಅವರೆ, ತೊಗರಿಯ ಕುಟುಂಬದ ಗಿಡ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಗುಣ ಇದಕ್ಕೂ ಇದೆ. ಮೂರ್ನಾಲ್ಕು ಅಡಿ ನೆಟ್ಟಗೆ ಬೆಳೆಯುತ್ತದೆ, ತಿಳಿ ನೇರಳೆ ಹೂ ಬಿಡುತ್ತದೆ. ಕೆಲಸವೆಲ್ಲ ನೆಲದ ಕೆಳಗೆ. ತಾಯಿಬೇರು ಒಂದು ಮೀಟರಿಗೂ ಜಾಸ್ತಿ ಆಳಕ್ಕೆ ಇಳಿಯುತ್ತದೆ. ಅದರ ಪಕ್ಕದಿಂದ ಅಡ್ಡಬೇರಿನ ಹಾಗೆ ಕಾಣುವ ಓಟಬಳ್ಳಿಗಳು ಮಣ್ಣೊಳಗೇ ಹರಿದು ದೂರದಲ್ಲಿ ಹೊಸ ಕುಡಿ ಎಬ್ಬಿಸುತ್ತವೆ. ಬೇರು ಕೀಳಲು ಮೂರರಿಂದ ನಾಲ್ಕು ವರ್ಷ ಕಾಯಬೇಕು. ಈ ಕಾಯುವಿಕೆಯೇ ಈ ಪ್ರಕರಣದ ಅರ್ಧ ಕಥೆ. ಮೇಲೆ ಎಲೆ ನೋಡಿ ಕೆಳಗೆ ಏನಾಗುತ್ತಿದೆ ಅಂತ ಊಹಿಸುತ್ತಾ ಇರಬೇಕು.

ಸಿಹಿ ಎಲೆಯ ಬಳ್ಳಿ

ಮೊದಲು ಅವರು ಎಲ್ಲರೂ ಮಾಡುವುದನ್ನೇ ಮಾಡಿದರು. ಅಂಗಡಿಯ ಕಡ್ಡಿಯನ್ನು ನೀರಲ್ಲಿ ನೆನೆಸಿ ಕುಂಡದಲ್ಲಿ ಹೂತರು. ಅದು ಕೊಳೆಯಿತು. ಪೂರ್ತಿ ಒಣಗಿಸಿ ತಿಂಗಳುಗಟ್ಟಲೆ ಮೂಟೆಯಲ್ಲಿದ್ದ ಬೇರಿಗೆ ಜೀವ ಇರುವುದಿಲ್ಲ. ಶುಂಠಿ, ಅರಿಶಿನ ಚಿಗುರುತ್ತವೆ ಅಂತ ಇದೂ ಚಿಗುರುತ್ತದೆ ಅಂದುಕೊಳ್ಳಬಾರದು.

ಆಮೇಲೆ ಒಂದು ಸಸಿ ಸಿಕ್ಕಿತು. ಮಾರಿದವರು ಅತಿಮಧುರ (ಜೇಷ್ಠಮಧುವಿನ ಇನ್ನೊಂದು ಹೆಸರು) ಅಂತಲೇ ಹೇಳಿ ಕೊಟ್ಟಿದ್ದರು. ಎಲೆ ಕಿತ್ತು ಜಗಿದು ತೋರಿಸಿದರಂತೆ, ನಿಜವಾಗಿಯೂ ಸಿಹಿ. ಅದಕ್ಕಿಂತ ಸಾಕ್ಷಿ ಇನ್ನೇನು ಬೇಕು ಅಂತ ಅನ್ನಿಸಿತು. ನುಗ್ಗೆ ಮರದ ಬುಡದಲ್ಲಿ ನೆಟ್ಟರು. ಬಳ್ಳಿಯಾಗಿ ಹಬ್ಬಿತು, ಕಾಂಪೌಂಡ್ ಏರಿತು. ಮನೆಗೆ ಬಂದವರಿಗೆಲ್ಲ ಎಲೆ ಕೊಟ್ಟು ತಿನ್ನಿಸಿದ್ದೂ ಆಯಿತು.

ಎರಡನೇ ಚಳಿಗಾಲದಲ್ಲಿ ಕಾಯಿ ಬಿರಿಯಿತು. ಒಳಗೆ ಕೆಂಪು ಕಾಳು, ಒಂದು ತುದಿಯಲ್ಲಿ ಕಪ್ಪು ಚುಕ್ಕಿ. ಅತ್ತೆ ಒಂದೇ ನೋಟಕ್ಕೆ ಹೇಳಿದರು, ಇದು ಗುಲಗಂಜಿ. ಅವರ ಕಾಲದಲ್ಲಿ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು. ಅಷ್ಟು ಹೊತ್ತಿಗೆ ಮೊಮ್ಮಗು ಒಂದು ಡಬ್ಬಿ ತುಂಬ ಆರಿಸಿಟ್ಟಿತ್ತು.

ಇಲ್ಲಿ ಮಾರಿದವರನ್ನು ಬೈಯುವುದು ಸುಲಭ. ಆದರೆ ಈ ಗೊಂದಲ ಹಳೆಯದು. ಗುಲಗಂಜಿಯ ಎಲೆ, ಬೇರು ಎರಡೂ ಸಿಹಿ. ಅದರ ಬೇರನ್ನು ಜೇಷ್ಠಮಧುವಿಗೆ ಬದಲಿಯಾಗಿ ಬಳಸುವುದು, ಅದರ ಜೊತೆ ಬೆರೆಸುವುದು ಹಿಂದಿನಿಂದಲೂ ಇದೆ. ಮಾರಿದವರು ನಂಬಿಯೇ ಕೊಟ್ಟಿರಬಹುದು. ಸಮಸ್ಯೆ ಇರುವುದು ಕಾಳಿನಲ್ಲಿ. ಅದರಲ್ಲಿರುವ ಅಬ್ರಿನ್ ಬಹಳ ತೀಕ್ಷ್ಣ ವಿಷ. ಗಟ್ಟಿ ಸಿಪ್ಪೆಯ ಇಡೀ ಕಾಳು ನುಂಗಿದರೆ ಹಲವು ಸಲ ಹಾಗೇ ಹೊರಗೆ ಹೋಗಿಬಿಡುತ್ತದೆ. ಅಗಿದರೆ, ಪುಡಿ ಮಾಡಿದರೆ, ಸೂಜಿಯಿಂದ ತೂತು ಮಾಡಿ ಪೋಣಿಸಲು ಹೋದರೆ ಅಪಾಯ. ಮಕ್ಕಳಿಗೆ ಅದರ ಬಣ್ಣವೇ ಆಕರ್ಷಣೆ. ಮಗು ಬಾಯಿಗೆ ಹಾಕಿಕೊಂಡ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಈ ಮನೆಯಲ್ಲಿ ಡಬ್ಬಿ ಮುಚ್ಚಳ ಭದ್ರವಾಗಿತ್ತು, ಕಾಳು ಆಟದ ಅಂಗಡಿಯ ಸರಕಾಗಿ ಮಾತ್ರ ಉಳಿದಿತ್ತು. ಏನೂ ಆಗಲಿಲ್ಲ.

ಬಳ್ಳಿಯನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಅಂತ ಮನೆಯಲ್ಲಿ ಚರ್ಚೆ ನಡೆಯಿತು. ಗಂಡನಿಗೆ ಎರಡು ವರ್ಷ ಸಾಕಿದ್ದನ್ನು ಕೀಳಲು ಮನಸ್ಸಿರಲಿಲ್ಲ, ಕಾಯಿ ಕಟ್ಟುವ ಮುಂಚೆ ಹೂ ಕತ್ತರಿಸಿದರಾಯಿತು ಅಂದರು. ಮನೆಯೊಡತಿ ಒಪ್ಪಲಿಲ್ಲ. ರಜೆಗೆ ಮಗು ಬರುವ ಮನೆಯಲ್ಲಿ ಪ್ರತಿ ವರ್ಷ ಹೂ ನೆನಪಿಟ್ಟು ಕತ್ತರಿಸುವ ಲೆಕ್ಕಾಚಾರ ನಡೆಯಲ್ಲ ಅಂತ ಬಳ್ಳಿಯನ್ನು ಬುಡ ಸಮೇತ ತೆಗೆಸಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಒಳ್ಳೆಯ ತೀರ್ಮಾನ ಇದೇ. ಬಿದ್ದ ಕಾಳುಗಳು ಮಾತ್ರ ಇವತ್ತಿಗೂ ಮಳೆಗಾಲದಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಒಡೆಯುತ್ತವೆ. ಎರಡೆಲೆ ಕಂಡ ಕೂಡಲೇ ಕಿತ್ತು ಹಾಕುತ್ತಾರೆ.

ಎರಡನ್ನೂ ಬೇರೆ ಮಾಡಿ ಗುರುತಿಸಲು ಕಾಯಿ ಬರುವ ತನಕ ಕಾಯಬೇಕಾಗಿಲ್ಲ. ಎಲೆ ನೋಡಿದರೆ ಸಾಕು. ಎರಡರಲ್ಲೂ ಒಂದು ಕಡ್ಡಿಯ ಎರಡು ಬದಿಗೆ ಸಣ್ಣ ಎಲೆಗಳು ಜೋಡಿ ಜೋಡಿಯಾಗಿ ಇರುತ್ತವೆ. ಜೇಷ್ಠಮಧುವಿನಲ್ಲಿ ಕಡ್ಡಿಯ ತುದಿಗೆ ಒಂಟಿ ಎಲೆ ಇರುತ್ತದೆ, ಹಾಗಾಗಿ ಲೆಕ್ಕ ಯಾವಾಗಲೂ ಬೆಸ. ಗುಲಗಂಜಿಯಲ್ಲಿ ತುದಿಯ ಒಂಟಿ ಎಲೆ ಇಲ್ಲ, ಜೋಡಿಗೇ ಮುಗಿಯುತ್ತದೆ, ಹುಣಸೆ ಎಲೆಯ ತರಹ. ಜೊತೆಗೆ ಗುಲಗಂಜಿ ಬಳ್ಳಿ, ಆಸರೆ ಹುಡುಕುತ್ತದೆ. ಜೇಷ್ಠಮಧು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ, ಎಲೆಯ ಅಡಿ ಮುಟ್ಟಿದರೆ ಸ್ವಲ್ಪ ಅಂಟು. ನರ್ಸರಿಯಲ್ಲಿ ನಿಂತು ಇಷ್ಟು ನೋಡಲು ಒಂದು ನಿಮಿಷ ಸಾಕು. ರುಚಿ ನೋಡಿ ನಂಬಬಾರದು. ಸಿಹಿ ಎಲೆಯ ಗಿಡ ಇನ್ನೂ ಇವೆ, ಸ್ಟೀವಿಯಾವನ್ನೇ ತಗೊಳ್ಳಿ.

ನಿಜವಾದ ತುಂಡುಗಳು

ಈ ಸಲ ಅವರು ಗುರುತು ಗೊತ್ತಿದ್ದ ಕಡೆಯಿಂದಲೇ ತಂದರು. ಔಷಧಿ ಗಿಡಗಳ ತೋಟ ಇಟ್ಟುಕೊಂಡಿರುವ ಒಂದು ಸಂಸ್ಥೆಯಲ್ಲಿ, ಹೆಸರು ಚೀಟಿ ಇದ್ದ ಮಡಿಯಿಂದ ಓಟಬಳ್ಳಿಯ ತುಂಡುಗಳು ಸಿಕ್ಕವು. ಬೆರಳು ಗಾತ್ರ, ಗೇಣುದ್ದ, ಒಂದೊಂದರಲ್ಲಿ ಎರಡು ಮೂರು ಕಣ್ಣು. ಬೀಜದಿಂದಲೂ ಬೆಳೆಸಬಹುದು. ಆದರೆ ಸಿಪ್ಪೆ ಗಟ್ಟಿ, ಮರಳು ಕಾಗದದಲ್ಲಿ ಉಜ್ಜಿ ನೆನೆಸಬೇಕು, ಬೇರು ಸಿಗಲು ಇನ್ನೂ ಜಾಸ್ತಿ ಕಾಲ ಹಿಡಿಯುತ್ತದೆ. ಜೇಷ್ಠಮಧುವಿನಲ್ಲಿ ತಳಿಗಳೂ ಇವೆ. ಹಿಸಾರ್ ಕೃಷಿ ವಿಶ್ವವಿದ್ಯಾಲಯದ ಹರಿಯಾಣ ಮುಲ್ಹಟ್ಟಿ-1 ಅವುಗಳಲ್ಲಿ ಹೆಸರಾದದ್ದು. ಇವರಿಗೆ ಸಿಕ್ಕ ತುಂಡು ಯಾವ ತಳಿಯದು ಅಂತ ಚೀಟಿಯಲ್ಲಿ ಇರಲಿಲ್ಲ.

ಎಲ್ಲಿ ನೆಡುವುದು? ಇದು ಎರಡನೇ ದೊಡ್ಡ ತೀರ್ಮಾನ. ಕುಂಡ ಬೇಡ ಅಂತ ಎಲ್ಲರೂ ಒಪ್ಪಿದರು. ಒಂದಡಿ ಕುಂಡದಲ್ಲಿ ಗಿಡ ಬದುಕುತ್ತದೆ, ಬೇರು ಮಾತ್ರ ತಳದಲ್ಲಿ ಸುತ್ತಿಕೊಂಡು ದಾರದ ಉಂಡೆಯಾಗುತ್ತದೆ. ಉಳಿದದ್ದು ನೆಲ ಅಥವಾ ದೊಡ್ಡ ಡ್ರಮ್ಮು. ಗಂಡ ನೆಲದ ಪರ. ಗಿಡ ಅಂದರೆ ನೆಲದಲ್ಲಿರಬೇಕು ಅನ್ನುವ ವಾದ. ಮನೆಯೊಡತಿ ಡ್ರಮ್ಮಿನ ಪರ. ಕೊನೆಗೆ ತುಂಡುಗಳನ್ನು ಎರಡು ಪಾಲು ಮಾಡಿ, ಅರ್ಧ ನೆಲಕ್ಕೆ, ಅರ್ಧ 200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿದರು. ಜಗಳ ತೀರಿಸಲು ಮಾಡಿದ ಪಾಲು ಒಳ್ಳೆಯ ಪ್ರಯೋಗವೇ ಆಯಿತು.

ನೆಲ ಅಗೆದಾಗ ಒಂದೂವರೆ ಅಡಿ ಕೆಮ್ಮಣ್ಣು, ಅದರೊಳಗೆ ಮನೆ ಕಟ್ಟುವಾಗ ಹೂತಿದ್ದ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ. ಅದರ ಕೆಳಗೆ ಗರಸು. ತುಮಕೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರಿಗೆ ಈ ಗರಸಿನ ಪರಿಚಯ ಇದ್ದೇ ಇರುತ್ತದೆ. ಗುದ್ದಲಿ ಬಿದ್ದರೆ ಠಣ್ ಅನ್ನುತ್ತದೆ. ಹಾರೆಯಲ್ಲಿ ಇನ್ನರ್ಧ ಅಡಿ ಕೆರೆದು, ಗೊಬ್ಬರ ಮಣ್ಣು ತುಂಬಿ ನೆಟ್ಟರು.

ಡ್ರಮ್ಮಿನ ತಳದಲ್ಲಿ, ಬದಿಯ ಕೆಳಭಾಗದಲ್ಲಿ ತೂತು ಕೊರೆಸಿದರು. ಕೆಳಗೆ ಗೇಣು ಎತ್ತರ ಜಲ್ಲಿ. ಮೇಲೆ ಅರ್ಧ ಕೆಮ್ಮಣ್ಣು, ಉಳಿದರ್ಧದಲ್ಲಿ ಮರಳು ಜಾಸ್ತಿ, ಕೊಟ್ಟಿಗೆ ಗೊಬ್ಬರ ಕಡಿಮೆ. ಸಾರಜನಕ ತಾನೇ ಮಾಡಿಕೊಳ್ಳುವ ಗಿಡಕ್ಕೆ ಗೊಬ್ಬರ ಸುರಿದರೆ ಸೊಪ್ಪು ಬರುತ್ತದೆ, ಬೇರು ಬರಲ್ಲ. ಇಟ್ಟಿಗೆ ಮೇಲೆ ಕೂರಿಸಿ, ದಿನವಿಡೀ ಬಿಸಿಲು ಬೀಳುವ ಮೂಲೆಗೆ ಇಟ್ಟರು. ನೆಟ್ಟದ್ದು ಫೆಬ್ರವರಿಯಲ್ಲಿ. ಚಳಿ ಹೋಗಿ ಸೆಕೆ ಶುರುವಾಗುವ ಹೊತ್ತು. ಬೇರು ಹಿಡಿಯಲು ಮಳೆಗಾಲಕ್ಕೆ ಮುಂಚೆ ನಾಲ್ಕು ತಿಂಗಳು ಸಿಕ್ಕಿತು.

ಮೊದಲ ವರ್ಷ

ಏಪ್ರಿಲ್ ಹೊತ್ತಿಗೆ ಎರಡೂ ಕಡೆ ಚಿಗುರಿತು. ನೆಲದಲ್ಲಿದ್ದವು ಮುಂದೆ ಇದ್ದವು. ಗಂಡ ಗೆದ್ದೆ ಅಂದುಕೊಂಡರು.

ನಮ್ಮ ಕಡೆ ಮಳೆ ಜೋರಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ವರ್ಷವೂ ಹಾಗೇ ಆಯಿತು. ಗರಸಿನಲ್ಲಿ ತೋಡಿದ ಗುಂಡಿಯಿಂದ ನೀರು ಕೆಳಗೆ ಇಳಿಯಲಿಲ್ಲ, ತೊಟ್ಟಿಯ ಹಾಗೆ ನಿಂತಿತು. ಇದರ ಜೊತೆಗೆ ಇನ್ನೊಂದು ಕಾರಣವೂ ಇತ್ತು, ಅದು ಗೊತ್ತಾಗಲು ತಡವಾಯಿತು. ಅತ್ತೆ ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಚೊಂಬಿನಲ್ಲಿ ಉಳಿದದ್ದನ್ನು ಪಕ್ಕದ ಗಿಡಗಳಿಗೆ ಸುರಿಯುತ್ತಿದ್ದರು. ಮಳೆ ಬಿದ್ದ ದಿನವೂ. ಎಲೆ ಹಳದಿಯಾದಾಗ ನೀರು ಸಾಲದು ಅಂತ ಮತ್ತೆ ಒಂದು ಚೊಂಬು. ನೆಲದ ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಿಡ ಸತ್ತವು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕಪ್ಪಾಗಿ ಜಾರುತ್ತಿತ್ತು, ವಾಸನೆ ಬರುತ್ತಿತ್ತು. ಕಾಂಪೌಂಡಿನ ಕೊನೆಯಲ್ಲಿ, ಇಳಿಜಾರು ಇದ್ದ ಕಡೆ ಮಾತ್ರ ಕೆಲವು ಉಳಿದವು. ಡ್ರಮ್ಮಿನ ಗಿಡಗಳಿಗೆ ಏನೂ ಆಗಲಿಲ್ಲ. ಚೊಂಬಿನ ನೀರು ಅಷ್ಟು ಎತ್ತರಕ್ಕೆ ಏರಲಿಲ್ಲ ಅನ್ನುವುದೂ ಒಂದು ಕಾರಣ ಇರಬೇಕು!

ಡಿಸೆಂಬರಿನಲ್ಲಿ ಇನ್ನೊಂದು ಗಾಬರಿ. ಡ್ರಮ್ಮಿನ ಗಿಡಗಳೂ ಎಲೆ ಉದುರಿಸಿ ಕಡ್ಡಿ ಮಾತ್ರ ಉಳಿಸಿಕೊಂಡವು. ಇವೂ ಕೊಳೆತವು ಅಂತ ತೀರ್ಮಾನಿಸಿ, ಡ್ರಮ್ ಖಾಲಿ ಮಾಡಿ ಟೊಮೇಟೊ ಹಾಕುವ ಮಾತು ಬಂತು. ಬಳಗದಲ್ಲಿ ಒಬ್ಬರು ತಡೆದರು. ಜೇಷ್ಠಮಧು ತವರಿನಲ್ಲಿ ಚಳಿಗಾಲ ಪೂರ್ತಿ ಮಲಗುವ ಗಿಡ. ಮೇಲಿನದ್ದು ಒಣಗುತ್ತದೆ, ಕೆಳಗಿನದ್ದು ಬದುಕಿರುತ್ತದೆ. ಬುಡದ ಮಣ್ಣು ಎರಡು ಬೆರಳು ಕೆದಕಿ, ಓಟಬಳ್ಳಿಯನ್ನು ಉಗುರಿನಲ್ಲಿ ಗೀರಿ ನೋಡಿ ಅಂದರು. ಒಳಗೆ ಹಳದಿ, ಹಸಿ, ಗಟ್ಟಿ. ಕೊಳೆತ ಬೇರಿಗೂ ಮಲಗಿದ ಬೇರಿಗೂ ವ್ಯತ್ಯಾಸ ತಿಳಿಯಲು ಇಷ್ಟೇ ಪರೀಕ್ಷೆ. ಒಣಗಿದ ಕಡ್ಡಿ ಕತ್ತರಿಸಿ, ನೀರು ಬಹುತೇಕ ನಿಲ್ಲಿಸಿದರು. ಫೆಬ್ರವರಿ ಕೊನೆಗೆ ಮೊದಲಿಗಿಂತ ದಪ್ಪ ಕುಡಿಗಳು ಎದ್ದವು.

ಕೀಳಬೇಕಾ, ಕಾಯಬೇಕಾ

ಎರಡನೇ ವರ್ಷದ ಕೊನೆಗೆ ಅತ್ತೆಗೆ ತಾಳ್ಮೆ ಮುಗಿಯಿತು. ನಾನಿರುವಾಗಲೇ ರುಚಿ ನೋಡಿಬಿಡ್ತೀನಿ ಅಂದರು. ಆ ಮಾತಿಗೆ ಯಾರು ಏನು ಹೇಳಲು ಸಾಧ್ಯ? ಒಂದು ಡ್ರಮ್ಮಿನ ಬದಿಯ ಮಣ್ಣು ಸರಿಸಿ ಒಂದು ಬೇರು ಮಾತ್ರ ಕತ್ತರಿಸಿದರು. ಪೆನ್ಸಿಲ್ ದಪ್ಪ. ಸಿಹಿ ಇತ್ತು, ಆದರೆ ನಾಲಿಗೆ ಮೇಲೆ ನಿಲ್ಲುವ ಸಿಹಿ ಅಲ್ಲ. ಎಲ್ಲವನ್ನೂ ಕೀಳುವ ಬದಲು ಹೀಗೆ ಒಂದನ್ನೇ ತೆಗೆದು ನೋಡಿದ್ದು ಜಾಣತನ. ಅತ್ತೆಗೂ ಇನ್ನೊಂದು ವರ್ಷ ಬೇಕು ಅಂತ ಒಪ್ಪಿಗೆಯಾಯಿತು.

ಮೂರನೇ ವರ್ಷ ಹೂ ಮೊಗ್ಗು ಕಂಡಾಗ ಚಿವುಟಿ ಹಾಕಿದರು, ಶಕ್ತಿ ಬೇರಿಗೆ ಹೋಗಲಿ ಅಂತ. ಆ ಬೇಸಿಗೆಯಲ್ಲಿ ನೆಲದ ಸಾಲಿಗೆ ಗೆದ್ದಲು ಬಂತು. ಬೇವಿನ ಹಿಂಡಿ ಹಾಕಿದರು, ಅರ್ಧಂಬರ್ಧ ನಿಂತಿತು. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ.

ಡಿಸೆಂಬರಿನಲ್ಲಿ ಎಲೆ ಉದುರಿದ ಮೇಲೆ ಡ್ರಮ್ ಮಲಗಿಸಿ ಮಣ್ಣು ಜಾಡಿಸಿದರು. ಡ್ರಮ್ಮಿನ ಲಾಭ ಪೂರ್ತಿ ಗೊತ್ತಾದದ್ದು ಆಗ. ನೆಲದಲ್ಲಾದರೆ ಮೂರು ಅಡಿ ಅಗೆಯಬೇಕು, ಅರ್ಧ ಬೇರು ತುಂಡಾಗಿ ಒಳಗೇ ಉಳಿಯುತ್ತದೆ. ಇಲ್ಲಿ ಎಲ್ಲವೂ ಕೈಗೆ ಬಂತು. ಕೆಲವು ಹೆಬ್ಬೆರಳು ದಪ್ಪ, ಹೊರಗೆ ಕಂದು, ಕತ್ತರಿಸಿದರೆ ಒಳಗೆ ನಿಂಬೆ ಹಳದಿ. ಕಣ್ಣಿದ್ದ ಓಟಬಳ್ಳಿಗಳನ್ನು ಒದ್ದೆ ಮರಳಿನಲ್ಲಿ ಬೇರೆ ಇಟ್ಟರು. ಉಳಿದದ್ದನ್ನು ತೊಳೆದು, ಗೇಣುದ್ದ ತುಂಡು ಮಾಡಿ, ಎರಡು ದಿನ ಬಿಸಿಲು ತೋರಿಸಿ ಆಮೇಲೆ ನೆರಳಲ್ಲಿ ಒಣಗಿಸಿದರು. ಬಗ್ಗಿಸಿದರೆ ಲಟಕ್ಕನೆ ಮುರಿಯಬೇಕು, ಬಾಗಿದರೆ ಒಳಗೆ ಇನ್ನೂ ಹಸಿ ಅಂತ ಅರ್ಥ, ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ತೂಕ ಅರ್ಧಕ್ಕೆ ಇಳಿದು, ಎರಡು ಡ್ರಮ್ ಸೇರಿ ಅರ್ಧ ಕಿಲೋ ಆಸುಪಾಸು ಉಳಿಯಿತು.

ದುಡ್ಡಿನ ಲೆಕ್ಕ ಹಾಕಿದರೆ ನಷ್ಟವೇ. ಡ್ರಮ್ಮು, ಮರಳು, ತೂತು ಕೊರೆಸಿದ ಕೂಲಿ ಸೇರಿದರೆ ಅದಕ್ಕಿಂತ ಜಾಸ್ತಿ ಜೇಷ್ಠಮಧು ಅಂಗಡಿಯಲ್ಲಿ ಬರುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಹುಳ ಹಿಡಿಯದ, ಗುರುತು ಗೊತ್ತಿರುವ ಬೇರು ಬೇಕಿತ್ತು, ಸಿಕ್ಕಿತು.

ಬೇರು ಒಳ್ಳೆಯದೇ ಇತ್ತು, ಅಳತೆ ತಪ್ಪಿತು

ಪ್ರಕರಣ ಇಲ್ಲಿಗೇ ಮುಗಿದಿದ್ದರೆ ನಾನು ಬಹುಶಃ ಬರೆಯುತ್ತಿರಲಿಲ್ಲ.

ಅಂಗಡಿಯಿಂದ ತರುತ್ತಿದ್ದಾಗ ಅತ್ತೆ ಜೇಷ್ಠಮಧು ಬಳಸುತ್ತಿದ್ದುದು ಗಂಟಲು ಕೆಟ್ಟಾಗ ಮಾತ್ರ, ಅದೂ ಒಂದು ಚೂರು. ಮನೆಯಲ್ಲೇ ಒಂದು ಡಬ್ಬಿ ತುಂಬ ಬಂದ ಮೇಲೆ ರೂಢಿ ಬದಲಾಯಿತು. ಬೆಳಿಗ್ಗೆ ಕಷಾಯಕ್ಕೆ ಒಂದು ಕಡ್ಡಿ, ಸಂಜೆ ಟೀಗೆ ಇನ್ನೊಂದು, ಮಧ್ಯೆ ಬಾಯಿಗೊಂದು ಚೂರು. ನಮ್ಮ ಮನೆ ಬೇರು, ಔಷಧಿ ಹೊಡೆದಿಲ್ಲ, ಏನಾಗುತ್ತೆ ಅನ್ನುವ ಧೈರ್ಯ. ಅತ್ತೆಗೆ ಬಿಪಿ ಇತ್ತು. ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು.

ಕೆಲವು ವಾರಗಳಲ್ಲಿ ಕಾಲು ಊದಿಕೊಂಡಿತು. ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲ ಇಲ್ಲ ಅಂದರು. ಹತೋಟಿಯಲ್ಲಿದ್ದ ಬಿಪಿ ಏರಿತು. ವಯಸ್ಸಾಯಿತಲ್ಲ ಅಂತ ಮನೆಯವರು ಸ್ವಲ್ಪ ದಿನ ಸುಮ್ನೆ ಇದ್ದರು. ಡಾಕ್ಟರ ಹತ್ತಿರ ಹೋದಾಗ ಅವರು ಮಾತ್ರೆಯ ಪ್ರಮಾಣ ಏರಿಸುವ ಮುಂಚೆ ಒಂದು ಪ್ರಶ್ನೆ ಕೇಳಿದರು: ಇತ್ತೀಚೆಗೆ ಹೊಸದಾಗಿ ಏನಾದರೂ ತಗೋತಿದ್ದೀರಾ, ಕಷಾಯ, ಪುಡಿ, ಏನೇ ಇರಲಿ? ಅತ್ತೆ ಇಲ್ಲ ಅಂದರು. ಮನೆಯ ಬೇರು ಅವರ ಲೆಕ್ಕದಲ್ಲಿ ಔಷಧಿ ಆಗಿರಲಿಲ್ಲ. ಸೊಸೆ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಶಿಯಂ ಕಡಿಮೆ ಬಂತು.

ಕಾರಣ ಸಿಹಿಯಲ್ಲೇ ಇದೆ. ಜೇಷ್ಠಮಧುವಿಗೆ ರುಚಿ ಕೊಡುವುದು ಗ್ಲಿಸಿರೈಜಿನ್, ಸಕ್ಕರೆಗಿಂತ ಹತ್ತಾರು ಪಟ್ಟು ಸಿಹಿ. ನಮ್ಮ ದೇಹದ ಕಾರ್ಟಿಸಾಲ್ ಹಾರ್ಮೋನನ್ನು ಕಿಡ್ನಿಯಲ್ಲಿ ಸುಮ್ಮನಿರಿಸುವ ಒಂದು ಕಿಣ್ವ ಇದೆ. ಗ್ಲಿಸಿರೈಜಿನ್ ಆ ಕಿಣ್ವವನ್ನು ತಡೆಯುತ್ತದೆ. ಆಗ ಉಪ್ಪು, ನೀರು ಮೈಯಲ್ಲೇ ಉಳಿಯುತ್ತವೆ, ಪೊಟ್ಯಾಶಿಯಂ ಹೊರಗೆ ಹೋಗುತ್ತದೆ, ಬಿಪಿ ಏರುತ್ತದೆ. ಮೂತ್ರದ ಮಾತ್ರೆಗಳಲ್ಲಿ ಹಲವು ತಾವೇ ಪೊಟ್ಯಾಶಿಯಂ ಕಳೆಯುತ್ತವೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪುವಷ್ಟು ಇಳಿಯಬಹುದು. ಯುರೋಪಿನ ಆಹಾರ ತಜ್ಞರ ಸಮಿತಿ 2003ರಲ್ಲಿ, ದಿನಾ ತಿನ್ನುವವರು 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದು ಅಂದಿತ್ತು. ಬೇರಿನಲ್ಲಿ ಶೇಕಡ 4ರಷ್ಟು ಇದ್ದರೆ ಎರಡೂವರೆ ಗ್ರಾಂ ಬೇರಿನಲ್ಲೇ ಅಷ್ಟು ಇರುತ್ತದೆ. ಅಂದರೆ ಒಂದು ಸಣ್ಣ ಕಡ್ಡಿ. ಅತ್ತೆ ದಿನಕ್ಕೆ ಅದರ ಎರಡು ಮೂರು ಪಟ್ಟು ತೆಗೆದುಕೊಳ್ಳುತ್ತಿದ್ದರು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಮತ್ತು ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟುವುದೇ ಬೇಡ.

ಬೇರು ನಿಂತಿತು. ಡಾಕ್ಟರ ಸಲಹೆಯಂತೆ ಪೊಟ್ಯಾಶಿಯಂ ಸರಿಪಡಿಸಿದರು. ಕೆಲವು ವಾರಗಳಲ್ಲಿ ಊತ ಇಳಿಯಿತು, ಬಿಪಿ ಹಳೆಯ ಮಾತ್ರೆಯಲ್ಲೇ ಹತೋಟಿಗೆ ಬಂತು.

ಈ ಪ್ರಕರಣದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಇದು. ಗುಲಗಂಜಿ ವಿಷ ಅಂತ ಗೊತ್ತಾದ ದಿನವೇ ಬಳ್ಳಿ ತೆಗೆಸಿದ ಮನೆ ಅದು. ಗರಸು, ನೀರು, ಗೆದ್ದಲು, ಒಂದೊಂದಕ್ಕೂ ತಲೆ ಕೆಡಿಸಿಕೊಂಡವರು. ಬೆಳೆದದ್ದನ್ನು ಯಾರು, ಎಷ್ಟು ತಿನ್ನುತ್ತಾರೆ ಅನ್ನುವ ಪ್ರಶ್ನೆ ಮಾತ್ರ ಮೂರು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ. ಅಂಗಡಿಯ ಬೇರಿಗೆ ಕಾಸು ಕೊಡಬೇಕು, ಹಾಗಾಗಿ ಅಳತೆ ತಾನಾಗಿಯೇ ಇತ್ತು. ಹಿತ್ತಲಿನ ಬೇರಿಗೆ ಆ ಅಳತೆ ಇರಲಿಲ್ಲ. ಔಷಧಿ ಗಿಡ ಬೆಳೆಸುವವರು ಬಳಗದಲ್ಲಿ ಬೇಕಾದಷ್ಟು ಜನ ಇದ್ದೇವೆ. ನೆಡುವುದು ಹೇಗೆ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ, ಮನೆಯಲ್ಲಿ ಯಾರು ಯಾವ ಮಾತ್ರೆ ತಗೋತಾರೆ ಅಂತ ಕೇಳುವುದು ಕಡಿಮೆ, ಅಲ್ವಾ?

ಈಗ ಒಂದು ಡ್ರಮ್ಮಿನಲ್ಲಿ ಮಾತ್ರ ಜೇಷ್ಠಮಧು ಇದೆ, ಕೂಡಿಟ್ಟ ಓಟಬಳ್ಳಿಯಿಂದ ಬೆಳೆದದ್ದು. ಇನ್ನೊಂದರಲ್ಲಿ ಕೊನೆಗೂ ಟೊಮೇಟೊ ಬಂದಿದೆ. ಒಣ ಬೇರಿನ ಡಬ್ಬಿ ಮೇಲಿನ ಕಪಾಟಿನಲ್ಲಿದೆ. ಕೆಮ್ಮು, ಗಂಟಲು ಅಂದಾಗ ಗಂಡ ಹೆಂಡತಿ ಎರಡು ದಿನ ಬಳಸಿ ಮುಚ್ಚಿಡುತ್ತಾರೆ. ಅತ್ತೆಗೆ ಗಂಟಲು ಕೆಟ್ಟರೆ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದು. ಅವರಿಗೆ ಇದು ಇಷ್ಟವಿಲ್ಲ, ಆದರೂ ಮಾಡುತ್ತಾರೆ. ನೆಲದ ಸಾಲಿನಲ್ಲಿ ಉಳಿದಿದ್ದ ಗಿಡಗಳು ಕಾಂಪೌಂಡಿನ ಅಡಿಯಿಂದ ನುಸುಳಿ ಪಕ್ಕದ ಖಾಲಿ ಸೈಟಿನಲ್ಲಿ ಕುಡಿ ಎಬ್ಬಿಸಿವೆ. ಆ ಸೈಟಿನವರು ಇದೇನು ಕಳೆ ಅಂತ ಕೇಳಿದ್ದಾರೆ. ಈ ಮನೆಯವರು ಅವನ್ನು ಫೆಬ್ರವರಿಯಲ್ಲಿ ಅಗೆದು ತುಂಡು ಮಾಡಿ, ಬಳಗದಲ್ಲಿ ಕೇಳಿದವರಿಗೆ ಹಂಚುವ ಯೋಚನೆಯಲ್ಲಿದ್ದಾರೆ.